‘ಹಶ್ ಮನಿ’ಗೆ ಕನ್ನಡದಲ್ಲಿ ಏನನ್ನೋಣ? ‘ಲಂಚ’ ಅಂದರೆ ಸರಿಹೋಗುತ್ತಾ?

ಕರಡು ತಿದ್ದುವವ
ಅನುವಾದ ನನ್ನ ಹೊಟ್ಟೆಪಾಡು. ಈ ವಾರ ಕೈಗೆ ಬಂದಿರೋ ಒಂದು ಲೇಖನದಲ್ಲಿ ‘ಹಶ್ ಮನಿ’ ಹದಿನಾಲ್ಕು ಸಲ ಇದೆ. ಮೊದಲ ಸಲ ‘ಗುಟ್ಟು ಕಾಯಲು ಕೊಟ್ಟ ಲಂಚ’ ಅಂತ ಬರೆದೆ. ಎರಡನೇ ಸಲಕ್ಕೆ ಉದ್ದ ಅನ್ನಿಸಿ ‘ಮೌನಲಂಚ’ ಮಾಡಿದೆ. ಚೆನ್ನಾಗೇ ಇದೆಯಲ್ಲ ಅಂತ ಒಳಗೊಳಗೇ ಖುಷಿಪಟ್ಟೆ. ಐದನೇ ಸಲಕ್ಕೆ ಬಂದಾಗ ಸಿಕ್ಕಿಬಿದ್ದೆ. ಅಲ್ಲಿ ಹಣ ತೆಗೆದುಕೊಂಡವಳು ದೌರ್ಜನ್ಯಕ್ಕೆ ಒಳಗಾದ ಹೆಂಗಸು. ‘ಆಕೆ ಮೌನಲಂಚ ಪಡೆದಳು’ ಅಂತ ಟೈಪ್ ಮಾಡಿ ಓದಿಕೊಂಡರೆ ತಪ್ಪಿತಸ್ಥೆ ಆಕೆಯೇ ಅನ್ನೋ ಹಾಗೆ ಕೇಳಿಸ್ತು. ಮೂಲದಲ್ಲಿ ಆ ಧ್ವನಿ ಇಲ್ಲ.

ನಿಘಂಟುಗಳಲ್ಲಿ ಸಿಗೋದು ‘ಬಾಯಿ ಮುಚ್ಚಿಸಲು ಕೊಡುವ ಹಣ’, ‘ಗುಟ್ಟು ಬಯಲಾಗದಿರಲು ಕೊಡುವ ಲಂಚ’ ಅನ್ನೋ ಥರದ ವಿವರಣೆ. ವಿವರಣೆ ಬೇರೆ, ಪದ ಬೇರೆ. ಹದಿನಾಲ್ಕು ಸಲ ವಿವರಣೆ ಬರೆಯೋಕಾಗಲ್ಲ. ನೀವಾದರೆ ಏನು ಬಳಸ್ತೀರಿ?

ಮುಚ್ಚಳ
‘ಮುಚ್ಚುಹಣ’. ಮುಗೀತು.

ಕರಡು ತಿದ್ದುವವ
ಮುಚ್ಚಿಟ್ಟ ಹಣ ಅಂತ ಓದಿಕೊಳ್ಳಲ್ವಾ ಜನ? ಕಪ್ಪುಹಣದ ತಮ್ಮನ ಹಾಗೆ ಕಾಣುತ್ತೆ.

ಮುಚ್ಚಳ
ಹೌದಲ್ಲ. ವಾಪಸ್ ತಗೊಂಡೆ.

ಉತ್ತರದ ಗಾಳಿ
‘ಹಶ್ ಮನಿ’ ಅಂತ ಹಂಗ ಇಡೋದು ಮಾತ್ರ ಬ್ಯಾಡ್ರಿ. ನಮ್ಮ ಮಾತಿನೊಳಗ ಮನಿ ಅಂದ್ರ ಮನೀನ. ಟಿವಿಯೊಳಗ ‘ಹಶ್ ಮನಿ ಪ್ರಕರಣ’ ಅಂತ ಪಟ್ಟಿ ಓಡುವಾಗ ನಮ್ಮ ಅತ್ತಿ ಕನ್ನಡಕ ಏರಿಸಿಕೊಂಡು, ‘ಯಾರ ಮನಿ ಅದು? ಪಾಲಿನ ಜಗಳ ಏನು?’ ಅಂತ ಕೇಳಿದ್ಲು. ನಾ ಬಿಡಿಸಿ ಹೇಳಿದ ಮ್ಯಾಲೆ, ‘ಹಂಗನ್ನು, ಬಾಯಿಗೆ ಬೀಗ ಹಾಕಾಕ ಕೊಟ್ಟ ರೊಕ್ಕ’ ಅಂದ್ಲು. ಅಷ್ಟ. ಆಕಿಗೆ ನಿಘಂಟು ಬೇಕಾಗ್ಲಿಲ್ಲ.

ಶಬ್ದದ ಹುಚ್ಚು
ಅತ್ತೆಯವರು ನಿಮಗಿಂತ ದೊಡ್ಡ ಅನುವಾದಕಿ. ಅವರ ಬಾಯಲ್ಲಿ ಮೊದಲು ಬಂದದ್ದು ‘ಬಾಯಿ’ ಅನ್ನೋದನ್ನ ಗಮನಿಸಿ. ಇಂಗ್ಲಿಷಿನವನಿಗೆ ಬಾಯಿ ಕಾಣಲಿಲ್ಲ, ಸದ್ದಷ್ಟೇ ಕೇಳಿಸಿತು. ‘ಹಶ್’ ಅನ್ನೋದು ತುಟಿಯ ಮೇಲೆ ಬೆರಳಿಟ್ಟಾಗ ನಾವು ಮಾಡೋ ‘ಶ್!’ ಅಷ್ಟೇ. 1709ರ ಬರಹದಲ್ಲೇ ಈ ಜೋಡಿಪದ ಸಿಗುತ್ತೆ, ಮುನ್ನೂರು ವರ್ಷ ದಾಟಿದೆ. ಜರ್ಮನ್ನರು ‘ಶ್ವೈಗೆಗೆಲ್ಟ್’ ಅಂತಾರೆ, ನೇರವಾಗಿ ಸುಮ್ಮನಿರುವ ಹಣ. ಪೂರ್ವಕ್ಕೆ ಬಂದರೆ ಬಾಯಿ ಕಾಣಿಸುತ್ತೆ. ಜಪಾನಿಯಲ್ಲಿ ‘ಕುಚಿದೋಮೆರ್ಯೋ’: ಕುಚಿ ಅಂದರೆ ಬಾಯಿ, ದೋಮೆ ಅಂದರೆ ತಡೆ, ರ್ಯೋ ಅಂದರೆ ಶುಲ್ಕ. ಚೀನಿಯಲ್ಲಿ ‘ಫೆಂಗ್‌ಕೌ ಫೈ’, ಬಾಯಿಗೆ ಮುದ್ರೆ ಒತ್ತುವ ಶುಲ್ಕ. ನಾವೂ ಬಾಯಿಯ ಗುಂಪಿನವರೇ.

ನಮ್ಮಲ್ಲಿ ಬಾಯಿಗೆ ಏನೇನು ಮಾಡ್ತೀವಿ ನೋಡಿ: ಮುಚ್ಚಿಸ್ತೀವಿ, ಕಟ್ಟಿಸ್ತೀವಿ, ಬೀಗ ಹಾಕ್ತೀವಿ, ಹೊಲಿಗೆ ಹಾಕ್ತೀವಿ, ಬಟ್ಟೆ ತುರುಕ್ತೀವಿ. ಇಷ್ಟೊಂದು ಕ್ರಿಯಾಪದ ಇದ್ದದ್ದಕ್ಕೇ ಒಂದು ನಾಮಪದ ಹುಟ್ಟಲಿಲ್ಲವೇನೋ. ಇನ್ನೊಂದು ತಮಾಷೆ ಇದೆ. ನಮ್ಮ ಗಾದೆ ಹಣಕ್ಕೆ ಉಲ್ಟಾ ಕೆಲಸ ಕೊಟ್ಟಿದೆ: ಹಣ ಅಂದರೆ ಹೆಣವೂ ಬಾಯಿ ಬಿಡುತ್ತೆ. ಇಲ್ಲಿ ಹಣ ಕಂಡು ಬದುಕಿರೋರು ಹೆಣದ ಹಾಗೆ ಬಾಯಿ ಮುಚ್ಚಬೇಕು.

ಗೋಲಿ
‘ಮಾತು ಬೆಳ್ಳಿ, ಮೌನ ಬಂಗಾರ’ ಅಂತ ಹೇಳಿದೋನು ದರಪಟ್ಟಿ ಓದ್ತಿದ್ದ ಅನ್ಸುತ್ತೆ.

ಶಬ್ದದ ಹುಚ್ಚು
ಗ್ರೀಕರಲ್ಲಿ ಮೌನವೇ ಬೆಳ್ಳಿ! ಪ್ಲುಟಾರ್ಕ್ ಹೇಳೋ ಕಥೆ ಇದು. ಅಲೆಕ್ಸಾಂಡರನ ಖಜಾಂಚಿ ಹಾರ್ಪಲಸ್ ಕ್ರಿ.ಪೂ. 324ರಲ್ಲಿ ರಾಶಿ ಹಣ ಹೊತ್ತು ಅಥೆನ್ಸಿಗೆ ಓಡಿ ಬಂದ. ಅವನನ್ನು ಊರೊಳಗೆ ಸೇರಿಸಬಾರದು ಅಂತ ಮೊದಲು ಗುಡುಗಿದ್ದು ಮಹಾ ಭಾಷಣಕಾರ ಡೆಮಾಸ್ತನೀಸ್. ಕೆಲವು ದಿನ ಕಳೆದು, ಹಾರ್ಪಲಸನ ಹಣ ಗುಟ್ಟಾಗಿ ಕೈಸೇರಿದ ಮೇಲೆ, ಸಭೆಯಲ್ಲಿ ಮಾತಾಡಬೇಕಾದಾಗ ಅದೇ ಮನುಷ್ಯ ಕುತ್ತಿಗೆಗೆ ಉಣ್ಣೆ ಸುತ್ತಿಕೊಂಡು ಬಂದು, ಗಂಟಲು ಕಟ್ಟಿದೆ ಅಂತ ಸನ್ನೆ ಮಾಡಿದನಂತೆ. ಆ ಭಾಷೆಯಲ್ಲಿ ಗಂಟಲುಬೇನೆಗೆ ಒಂದು ಹೆಸರಿದೆ, ಅದರ ಮುಂದೆ ಬೆಳ್ಳಿ ಸೇರಿಸಿ ಕುಚೋದ್ಯಗಾರರು ‘ಬೆಳ್ಳಿ ಗಂಟಲುಬೇನೆ’ ಅಂತ ಹೊಸ ರೋಗ ಕಂಡುಹಿಡಿದರು. ಕನ್ನಡದಲ್ಲಿ ಹೇಳೋದಾದರೆ ಗಂಟಲಲ್ಲಿ ಗಂಟು ಸಿಕ್ಕಿಕೊಂಡಿದೆ ಅನ್ನಬಹುದು.

ಅವರದೇ ಇನ್ನೊಂದು ನುಡಿಗಟ್ಟು ‘ನಾಲಗೆಯ ಮೇಲೆ ಎತ್ತು ನಿಂತಿದೆ’. ಮಾತಾಡೋಕಾಗ್ತಿಲ್ಲ ಅನ್ನೋದಕ್ಕೆ ಹಾಗನ್ನೋರು. ಎತ್ತಿನ ಚಿತ್ರ ಒತ್ತಿದ ನಾಣ್ಯ ಬಾಯಿಗೆ ಬಿದ್ದಿದೆ ಅಂತ ಹಳಬರಲ್ಲೇ ಕೆಲವರು ಅರ್ಥ ಹೇಳಿದ್ದಾರೆ. ಆ ವ್ಯುತ್ಪತ್ತಿ ನನಗೆ ಸ್ವಲ್ಪ ಜಾಣತನ ಜಾಸ್ತಿ ಅನ್ನಿಸುತ್ತೆ. ಎತ್ತು ಭಾರ, ಅಷ್ಟೇ ಸಾಕಲ್ಲ?

ಕರಿಕೋಟು
ಪದಕ್ಕೆ ಮೊದಲು ವಸ್ತು ಏನು ಅಂತ ನೋಡಬೇಕು. ಕಾನೂನಿನ ಪುಸ್ತಕದಲ್ಲಿ ‘ಹಶ್ ಮನಿ’ ಅನ್ನೋ ಹೆಸರಿನ ಅಪರಾಧ ಇಲ್ಲ. ಅದು ಪತ್ರಿಕೆಯವರ ಪದ, ಬೀದಿಯ ಪದ. ಅದರ ಕೆಳಗೆ ಬೇರೆ ಬೇರೆ ಪ್ರಾಣಿಗಳು ಮಲಗಿವೆ.

ಎಲ್ಲರೂ ಕೇಳಿರೋ ಉದಾಹರಣೆ ತಗೊಳ್ಳಿ. 2016ರ ಅಕ್ಟೋಬರಿನಲ್ಲಿ, ಚುನಾವಣೆಗೆ ಕೆಲವೇ ದಿನ ಇರುವಾಗ, ಟ್ರಂಪ್ ಅವರ ವಕೀಲ ಮೈಕಲ್ ಕೊಹೆನ್, ಟ್ರಂಪ್ ಜತೆ ಸಂಬಂಧ ಇತ್ತು ಅಂದಿದ್ದ ನಟಿ ಸ್ಟಾರ್ಮಿ ಡೇನಿಯಲ್ಸ್‌ಗೆ 1,30,000 ಡಾಲರ್ ಕೊಟ್ಟ. 2024ರ ಮೇ 30ರಂದು ನ್ಯೂಯಾರ್ಕಿನ ಜ್ಯೂರಿ ಟ್ರಂಪ್‌ರನ್ನು 34 ಆರೋಪಗಳಲ್ಲಿ ತಪ್ಪಿತಸ್ಥ ಅಂತ ತೀರ್ಮಾನಿಸಿತು. ಆ 34ರಲ್ಲಿ ಒಂದಾದರೂ ‘ಬಾಯಿ ಮುಚ್ಚಿಸಲು ಹಣ ಕೊಟ್ಟ’ ಅಂತ ಇದೆಯಾ? ಇಲ್ಲ. ಕೊಹೆನ್‌ಗೆ ಹಣ ತಿರುಗಿ ಕೊಡುವಾಗ ಅದನ್ನು ವಕೀಲರ ಫೀಸು ಅಂತ ಬರೆದುಕೊಂಡರು. 11 ಬಿಲ್ಲು, 11 ಚೆಕ್ಕು, ಲೆಕ್ಕದ ಪುಸ್ತಕದಲ್ಲಿ 12 ನಮೂದು. ಕೂಡಿಸಿ ನೋಡಿ, 34. ಶಿಕ್ಷೆಗೊಳಗಾದದ್ದು ಸುಳ್ಳು ಲೆಕ್ಕ. 2025ರ ಜನವರಿ 10ರಂದು ಜೈಲೂ ಇಲ್ಲ, ದಂಡವೂ ಇಲ್ಲ ಅಂತ ಬಿಟ್ಟರು, ಆದರೆ ತಪ್ಪಿತಸ್ಥ ಅನ್ನೋ ತೀರ್ಪು ಹಾಗೇ ಉಳಿಯಿತು. ಪತ್ರಿಕೆಗಳು ಇದನ್ನು ‘ಲಂಚ ಪ್ರಕರಣ’ ಅಂತ ಬರೆದಾಗ ನನಗೆ ಮೈ ಉರಿಯುತ್ತಿತ್ತು. ಯಾರು ಯಾರಿಗೆ ಲಂಚ ಕೊಟ್ಟರು ಅಲ್ಲಿ? ಆಕೆ ಯಾವ ಕುರ್ಚಿಯಲ್ಲಿ ಕೂತಿದ್ದಳು?

ಮುಚ್ಚಳ
ಹಾಗಾದರೆ ಗುಟ್ಟು ಮುಚ್ಚೋಕೆ ಹಣ ಕೊಡೋದು ತಪ್ಪೇ ಅಲ್ವಾ ವಕೀಲರೇ?

ಕರಿಕೋಟು
ಏನನ್ನು ಮುಚ್ಚುತ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಮುಜುಗರದ ಸಂಗತಿ ಮುಚ್ಚಲು ಇಬ್ಬರು ಒಪ್ಪಿ ಹಣ ಕೈಬದಲಾದರೆ, ಬಹಳ ಕಡೆ ಅದು ಬರೀ ಒಪ್ಪಂದ. ಅಪರಾಧ ಮುಚ್ಚಿದರೆ ಕಥೆ ಬೇರೆ. ಭಾರತೀಯ ನ್ಯಾಯ ಸಂಹಿತೆಯ 250 ಮತ್ತು 251ನೇ ಕಲಂ ನೋಡಿ, ಹಳೆಯ ದಂಡ ಸಂಹಿತೆಯ 213, 214. ಅಪರಾಧಿಯನ್ನು ಶಿಕ್ಷೆಯಿಂದ ಮರೆಮಾಡೋಕೆ ಹಣ ತೆಗೆದುಕೊಂಡವನೂ ತಪ್ಪಿತಸ್ಥ, ಕೊಟ್ಟವನೂ ತಪ್ಪಿತಸ್ಥ. ಕಾನೂನೇ ರಾಜಿಗೆ ಬಿಟ್ಟಿರೋ ಅಪರಾಧಗಳಿಗೆ ಮಾತ್ರ ಇದು ಅನ್ವಯಿಸಲ್ಲ. ಇಂಗ್ಲೆಂಡಿನ 1967ರ ಕ್ರಿಮಿನಲ್ ಕಾನೂನು ಇನ್ನೂ ಸೂಕ್ಷ್ಮ: ಅಪರಾಧದ ಮಾಹಿತಿ ಹೇಳದಿರಲು ಹಣ ತೆಗೆದುಕೊಂಡರೆ ತಪ್ಪು, ಆದರೆ ಆದ ನಷ್ಟ ತುಂಬಿಕೊಳ್ಳೋದು, ಅದಕ್ಕೆ ನ್ಯಾಯವಾದ ಪರಿಹಾರ ಪಡೆಯೋದು ತಪ್ಪಲ್ಲ.

ವಾಟರ್‌ಗೇಟ್ ಈ ಗೆರೆಯ ಆಚೆಗೆ ಬೀಳುತ್ತೆ. 1972ರ ಜೂನ್ 17ರಂದು ವಿರೋಧ ಪಕ್ಷದ ಕಚೇರಿಗೆ ನುಗ್ಗಿ ಸಿಕ್ಕಿಬಿದ್ದವರು ಬಾಯಿ ಬಿಡಬಾರದು ಅಂತ ತಿಂಗಳುಗಟ್ಟಲೆ ಗುಟ್ಟಾಗಿ ಹಣ ಹೋಗ್ತಾ ಇತ್ತು. 1973ರ ಮಾರ್ಚ್ 21ರಂದು ಶ್ವೇತಭವನದ ವಕೀಲ ಜಾನ್ ಡೀನ್ ಬಂದು, ಇವರಿಗೆ ಇನ್ನೆರಡು ವರ್ಷದಲ್ಲಿ ಹತ್ತು ಲಕ್ಷ ಡಾಲರ್ ಬೇಕಾದೀತು ಅಂದಾಗ, ಅಧ್ಯಕ್ಷ ನಿಕ್ಸನ್ ಅದನ್ನು ನಗದಾಗಿಯೇ ಹೊಂದಿಸಬಹುದು ಅಂತ ಹೇಳಿದ್ದು ಅವರದೇ ಟೇಪಿನಲ್ಲಿ ದಾಖಲಾಗಿತ್ತು. ಎಲ್ಲರ ಬಾಯಿ ಮುಚ್ಚಿಸೋಕೆ ಹೊರಟ ಕೋಣೆಯಲ್ಲಿ ಯಂತ್ರ ಮಾತ್ರ ಬಾಯಿ ತೆರೆದುಕೊಂಡೇ ಕೂತಿತ್ತು.

ಶಬ್ದದ ಹುಚ್ಚು
ವಕೀಲರ ‘ಯಾವ ಕುರ್ಚಿ’ ಪ್ರಶ್ನೆ ಸರಿಯಾದ ಜಾಗಕ್ಕೆ ತಾಗಿತು. ‘ಲಂಚ’ ನಮ್ಮಲ್ಲಿ ಬಹಳ ಹಳೆಯ ಪದ. ಹನ್ನೆರಡನೇ ಶತಮಾನದ ಶರಣೆ ಸತ್ಯಕ್ಕ ‘ಲಂಚವಂಚನ’ಕ್ಕೆ ಕೈಯೊಡ್ಡುವುದಿಲ್ಲ ಅಂತ ಭಾಷೆ ಕೊಡ್ತಾಳೆ. ಅಲ್ಲಿಂದ ಇಲ್ಲಿವರೆಗೆ ಆ ಪದದ ಕಳಂಕ ಒಡ್ಡಿದ ಕೈಯದು. ಕೊಟ್ಟವನು ‘ಪಾಪ, ಕೆಲಸ ಆಗಬೇಕಿತ್ತು’ ಅಂತ ತಪ್ಪಿಸಿಕೊಳ್ತಾನೆ. ‘ಲಂಚಕೋರ’ ಅಂದರೆ ತಿಂದವನೇ, ಕೊಟ್ಟವನಿಗೆ ಒಂದು ಬೈಗುಳವೂ ಇಲ್ಲ. ಈ ಪದವನ್ನು ‘ಹಶ್ ಮನಿ’ಗೆ ಹಾಕಿದ ಕೂಡಲೇ ಹೊಲಸು ತಾನಾಗಿ ತೆಗೆದುಕೊಂಡವರ ಕಡೆ ಹರಿಯುತ್ತೆ. ಕರಡು ತಿದ್ದುವವರು ಐದನೇ ಸಲ ಎಡವಿದ್ದು ಇದಕ್ಕೇ.

ಗೋಲಿ
ನನ್ನ ಅನುಭವ ಹೇಳ್ತೀನಿ, ನಗಬೇಡಿ. ನನಗಾಗ ಏಳು ವರ್ಷ. ಅಣ್ಣ ರೇಡಿಯೋದ ತಿರುಗುಗುಂಡಿ ಕಿತ್ತು ಬಿಟ್ಟ. ಅದನ್ನು ಅಂಟು ಹಾಕಿ ಕೂರಿಸಿದ, ನೋಡೋಕೆ ಸರಿ ಇತ್ತು, ತಿರುಗಿಸಿದರೆ ಕೈಗೇ ಬರೋದು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಏನೂ ಮಾತಾಡದೆ ಜೇಬಿಂದ ಎರಡು ಗೋಲಿ ತೆಗೆದು ನನ್ನ ಅಂಗೈಗಿಟ್ಟು ಬೆರಳುಗಳನ್ನ ಅವನೇ ಮಡಚಿದ. ಅದರಲ್ಲೊಂದು ಒಳಗೆ ನೀಲಿ ಎಲೆ ಇರೋದು. ಆ ಗೋಲಿಗೋಸ್ಕರ ನಾನು ಇಡೀ ಬೇಸಿಗೆ ಅವನ ಹಿಂದೆ ಬಿದ್ದಿದ್ದೆ.

ಆ ದಿನ ಅದು ಹಶ್ ಮನಿ. ಮಾರನೇ ದಿನ ನಾನೇ ಹೋಗಿ, ‘ಇನ್ನೊಂದು ಕೊಡು, ಇಲ್ಲಾಂದ್ರೆ ಅಪ್ಪಂಗೆ ಹೇಳ್ತೀನಿ’ ಅಂದೆ. ಕೊಟ್ಟ. ಅದರ ಮಾರನೇ ದಿನವೂ ಕೊಟ್ಟ. ಈಗ ವಕೀಲರು ಹೇಳಲಿ, ಎರಡನೇ ದಿನದ ಗೋಲಿಗೆ ಏನು ಹೆಸರು?

ಕರಿಕೋಟು
ಸುಲಿಗೆ. ಏಳು ತುಂಬಿರೋ ಮಕ್ಕಳಿಗೆ ತಿಳಿವಳಿಕೆ ಬಲಿತಿಲ್ಲದಿದ್ದರೆ ಮಾತ್ರ ಕಾನೂನು ರಿಯಾಯಿತಿ ಕೊಡುತ್ತೆ. ನಿಮಗೆ ಚೆನ್ನಾಗೇ ಬಲಿತಿತ್ತು ಅಂತ ಕಾಣುತ್ತೆ.

ಆದರೆ ಪ್ರಶ್ನೆ ಒಳ್ಳೆಯದು. ಮೊದಲ ಮಾತು ಯಾರದು ಅನ್ನೋದೇ ವ್ಯತ್ಯಾಸ. ಕೊಡುವವನು ತಾನಾಗಿ ಬಂದು ಅಂಗೈ ಮಡಚಿದರೆ ಒಂದು. ತೆಗೆದುಕೊಳ್ಳುವವನು ಬೆದರಿಸಿ ಕೇಳಿದರೆ ಇನ್ನೊಂದು. ಗುಟ್ಟೂ ಅದೇ, ಗೋಲಿಯೂ ಅದೇ, ಬೆದರಿಕೆ ಬಂದ ದಿಕ್ಕು ಬೇರೆ.

ಉತ್ತರದ ಗಾಳಿ
ಸುದ್ದಿ ಮಾಡವ್ರಿಗೇ ರೊಕ್ಕ ಕೊಟ್ಟು ಸುಮ್ಮ ಕೂರಸ್ತಾರಲ್ಲ, ಅದಕ್ಕೇನಂತೀರಿ? ಚೀನಾದ ಶಾಂಸಿಯೊಳಗ 2008ರಾಗ ಗಣಿಯೊಳಗ ಕೆಲಸಗಾರ ಸತ್ತದ್ದನ್ನ ಬರೀಬಾರದು ಅಂತ ಕಂಪನಿಯವರು ರೊಕ್ಕ ಹಂಚಿದ್ರು. ಅದನ್ನ ಇಸಗೊಳ್ಳಾಕ ಪತ್ರಕರ್ತರು ಪಾಳಿ ಹಚ್ಚಿ ನಿಂತಿದ್ರು. ಅದರಾಗ ಖರೇ ಪತ್ರಕರ್ತರೂ ಇದ್ರು, ಸುಳ್ಳು ಗುರುತಿನ ಚೀಟಿಯವ್ರೂ ಇದ್ರು. ಪಾಳಿಯ ಫೋಟೋ ತಗದು ಹೊರಗ ಹಾಕಿದಾಂವನೂ ಒಬ್ಬ ಪತ್ರಕರ್ತನ.

ಶಬ್ದದ ಹುಚ್ಚು
ಅದಕ್ಕೆ ‘ಲಂಚ’ ಸಲ್ಲುತ್ತೆ! ಅಲ್ಲಿ ಬಾಯಿ ತೆರೆಯೋದೇ ಅವರ ಕೆಲಸ. ಲೆಕ್ಕ ತಪಾಸಣೆ ಮಾಡೋನು, ಸಾಕ್ಷಿಕಟ್ಟೆಯಲ್ಲಿ ನಿಂತೋನು, ವರದಿಗಾರ, ಸುರಕ್ಷತೆ ಪರೀಕ್ಷಿಸೋ ಅಧಿಕಾರಿ, ಇವರೆಲ್ಲ ಮಾತಾಡೋಕೆ ಅಂತಲೇ ಇರೋರು. ಇವರು ಸುಮ್ಮನಿರೋಕೆ ಹಣ ತಗೊಂಡರೆ ನಿಮ್ಮ ‘ಮೌನಲಂಚ’ ಕರಾರುವಾಕ್ಕಾದ ಪದ. ಎಸೀಬೇಡಿ ಅದನ್ನ, ತೆಗೆದಿಟ್ಟುಕೊಳ್ಳಿ.

ಕರಡು ತಿದ್ದುವವ
ಇದು ಉಪಯೋಗಕ್ಕೆ ಬಂತು. ಇದರ ಪಕ್ಕದ್ದು ಇನ್ನೊಂದಿದೆ ಲೇಖನದಲ್ಲಿ, ‘ಕ್ಯಾಚ್ ಅಂಡ್ ಕಿಲ್’. ಪತ್ರಿಕೆಯೇ ಸುದ್ದಿಯ ಹಕ್ಕು ಕೊಂಡು ಪ್ರಕಟಿಸದೆ ಇಟ್ಟುಕೊಳ್ಳೋದು. 2016ರಲ್ಲೇ ‘ನ್ಯಾಷನಲ್ ಎನ್‌ಕ್ವೈರರ್’ ಪತ್ರಿಕೆಯ ಮಾಲೀಕ ಕಂಪನಿ, ಟ್ರಂಪ್ ಜತೆ ಸಂಬಂಧ ಇತ್ತು ಅಂದಿದ್ದ ಮಾಡೆಲ್ ಕರೆನ್ ಮೆಕ್‌ಡೂಗಲ್‌ಗೆ 1,50,000 ಡಾಲರ್ ಕೊಟ್ಟದ್ದು ಹೀಗೆ. ‘ಹಿಡಿದು ಕೊಲ್ಲು’ ಅಂತ ಬರೆದಿದ್ದೆ, ಬೇಟೆ ಲೇಖನದ ಹಾಗಾಯ್ತು.

ಮುಚ್ಚಳ
‘ಕೊಂಡು ಹೂಳು’. ಈ ಸಲ ವಾಪಸ್ ತಗೊಳ್ಳಲ್ಲ.

ಕರಡು ತಿದ್ದುವವ
ತಗೋಬೇಡಿ. ಇಟ್ಟುಕೊಂಡೆ.

ಬಿಟ್ಟು ಬಂದವಳು
ಎರಡು ದಿನದಿಂದ ಸುಮ್ಮನೆ ಓದುತ್ತಿದ್ದೆ. ನಾನು ಅಂಥ ಕಾಗದಕ್ಕೆ ಸಹಿ ಹಾಕಿದವಳು. ಯಾವ ಆಫೀಸು, ಯಾರು, ಏನು ಅಂತ ಹೇಳುವುದಿಲ್ಲ, ಹೇಳುವ ಹಾಗೂ ಇಲ್ಲ.

ಒಂಬತ್ತು ಪುಟ ಇತ್ತು. ಟೇಬಲ್ಲಿನ ಆ ಕಡೆ ಇಬ್ಬರು, ಈ ಕಡೆ ನಾನು. ಪ್ರತಿ ಪುಟದ ಕೆಳಗೆ ಸಹಿ ಹಾಕಬೇಕು, ಎಲ್ಲೆಲ್ಲಿ ಅಂತ ಹಳದಿ ಚೀಟಿ ಅಂಟಿಸಿಟ್ಟಿದ್ದರು. ಆರನೇ ಪುಟದಲ್ಲಿ ಏನೇನು ಹೇಳಬಾರದು ಅನ್ನುವ ಪಟ್ಟಿ. ಏಳನೆಯದರಲ್ಲಿ, ಇಂಥ ಒಂದು ಒಪ್ಪಂದ ಇದೆ ಅನ್ನುವುದನ್ನೂ ಹೇಳಬಾರದು ಅಂತ. ಕೆಲಸ ಯಾಕೆ ಬಿಟ್ಟೆ ಅಂತ ಯಾರಾದರೂ ಕೇಳಿದರೆ ಕೊಡಬೇಕಾದ ಉತ್ತರವನ್ನೂ ಅವರೇ ಬರೆದಿದ್ದರು: ‘ವೈಯಕ್ತಿಕ ಕಾರಣ’. ಎರಡೇ ಪದ, ನನ್ನ ಬಾಯಲ್ಲಿಡಲು. ಅವತ್ತಿನಿಂದ ಎಷ್ಟು ಜನಕ್ಕೆ ಹೇಳಿದ್ದೇನೋ, ಈಗ ನನ್ನದೇ ಮಾತಿನ ಹಾಗೆ ಸಲೀಸಾಗಿ ಬರುತ್ತದೆ.

ಹಣ ತೆಗೆದುಕೊಂಡೆ. ಮನೆ ಬಾಡಿಗೆಗೆ ಹೋಯಿತು, ನಿದ್ದೆ ಮಾತ್ರೆಗೆ ಹೋಯಿತು. ಇಲ್ಲಿ ಯಾರೋ ‘ಬಾಯಿಗೆ ಬಟ್ಟೆ ತುರುಕುವುದು’ ಅಂತ ಬರೆದಿದ್ದೀರಿ. ನನಗೆ ಆಗಿದ್ದು ಅದು. ತುರುಕಿದ ಬಟ್ಟೆ ರೇಷ್ಮೆಯದಾಗಿತ್ತು ಅಂತ ಅದಕ್ಕೆ ಲಂಚ ಅನ್ನುವುದಾದರೆ ಅನ್ನಿ. ಪದ ಹುಡುಕುವಾಗ ಇದೂ ಒಂದು ನೆನಪಿರಲಿ ಅಂತ ಬರೆದೆ.

ಶಬ್ದದ ಹುಚ್ಚು
ನೆನಪಿರುತ್ತೆ. ಮೊದಲ ದಿನ ಆ ಪಟ್ಟಿ ಮಾಡುವಾಗ ನನಗದು ಬರೀ ನುಡಿಗಟ್ಟಾಗಿತ್ತು.

ಕರಡು ತಿದ್ದುವವ
ಬರೆದದ್ದಕ್ಕೆ ಕೃತಜ್ಞ. ನನ್ನ ಲೇಖನದ ಐದನೇ ಸಲದ ಹೆಂಗಸು ಝೆಲ್ಡಾ ಪರ್ಕಿನ್ಸ್. ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ಹತ್ತಿರ ಸಹಾಯಕಿಯಾಗಿದ್ದವರು. ಸಹೋದ್ಯೋಗಿಯ ಮೇಲೆ ದೌರ್ಜನ್ಯ ಎಸಗಲು ಯತ್ನಿಸಿದ ಅಂತ ದನಿ ಎತ್ತಿ ಇಬ್ಬರೂ ಕೆಲಸ ಬಿಟ್ಟರು. 1998ರಲ್ಲಿ ಒಪ್ಪಂದವಾಗಿ ತಲಾ 1,25,000 ಪೌಂಡ್ ಸಿಕ್ಕಿತು. ತಾನು ಸಹಿ ಮಾಡಿದ ಕಾಗದದ ಪ್ರತಿಯನ್ನೂ ಆಕೆಗೆ ಇಟ್ಟುಕೊಳ್ಳೋಕೆ ಬಿಡಲಿಲ್ಲ. 2017ರಲ್ಲಿ ಆಕೆ ಒಪ್ಪಂದ ಮುರಿದು ಮಾತಾಡಿದರು. ಹತ್ತೊಂಬತ್ತು ವರ್ಷ! ಆಮೇಲೆ ಇಂಥ ಕಾಗದಗಳ ವಿರುದ್ಧವೇ ಚಳವಳಿ ಕಟ್ಟಿದರು. ಆಕೆಯನ್ನ ನನ್ನ ಕರಡು ‘ಲಂಚ ಪಡೆದಳು’ ಅಂದಿತ್ತು. ಅಳಿಸಿದ್ದೇನೆ.

ಕರಿಕೋಟು
ಕಾನೂನೂ ನಿಧಾನಕ್ಕೆ ಆ ಕಡೆ ವಾಲುತ್ತಿದೆ. ಅಮೆರಿಕದಲ್ಲಿ 2017ರ ತೆರಿಗೆ ಕಾನೂನು, ಲೈಂಗಿಕ ಕಿರುಕುಳದ ರಾಜಿಗೆ ಬಾಯಿ ಮುಚ್ಚುವ ಷರತ್ತು ಹಾಕಿದರೆ ಆ ಹಣವನ್ನು ಕಂಪನಿ ಖರ್ಚಿನ ಲೆಕ್ಕಕ್ಕೆ ಹಾಕಿ ತೆರಿಗೆ ಉಳಿಸುವಂತಿಲ್ಲ ಅಂದಿತು. ಅಂದರೆ ಅಲ್ಲಿಯವರೆಗೆ ಹಾಕುತ್ತಿದ್ದರು! 2022ರ ಡಿಸೆಂಬರಿನಲ್ಲಿ ಬಂದ ಇನ್ನೊಂದು ಕಾನೂನು, ಕಿರುಕುಳ ನಡೆಯುವ ಮುಂಚೆಯೇ, ಕೆಲಸಕ್ಕೆ ಸೇರುವಾಗಲೇ ಬರೆಸಿಕೊಂಡ ಅಂಥ ಷರತ್ತು ಲೈಂಗಿಕ ಕಿರುಕುಳದ ವಿವಾದದಲ್ಲಿ ಊರ್ಜಿತವಲ್ಲ ಅಂತು. ವಿವಾದ ಆದಮೇಲೆ ಬರೆಸಿಕೊಳ್ಳೋ ಕಾಗದಕ್ಕೆ ಅದು ಕೈಹಾಕಿಲ್ಲ.

ಶಬ್ದದ ಹುಚ್ಚು
ನನ್ನ ತೀರ್ಮಾನ ಹೇಳಿ ಮುಗಿಸ್ತೀನಿ. ಕನ್ನಡದಲ್ಲಿ ‘ಮುಚ್ಚು’ ಬೇರೆ, ‘ಮುಚ್ಚಿಸು’ ಬೇರೆ. ಆ ‘ಇಸು’ ಒಂದು ಸಣ್ಣ ತುಣುಕು, ಆದರೆ ಮಾಡಿಸಿದವನು ಒಬ್ಬ ಇದ್ದಾನೆ ಅಂತ ಬೆರಳು ತೋರಿಸುತ್ತೆ. ಇಂಗ್ಲಿಷಿನ ‘ಹಶ್’ನಲ್ಲಿ ಆ ಬೆರಳು ಇಲ್ಲ. ಸುಮ್ಮನಾಗಿದ್ದೂ ‘ಹಶ್’, ಸುಮ್ಮನಾಗಿಸಿದ್ದೂ ‘ಹಶ್’. ‘ಬಾಯ್ಮುಚ್ಚುಹಣ’ ಮಾಡಬಹುದು, ಸುಡುಗಾಡು, ಇಡುಗಂಟುಗಳ ಹಾಗೆ ಧಾತುವಿಗೆ ನಾಮಪದ ಅಂಟಿಸಿ. ವ್ಯಾಕರಣ ಒಪ್ಪುತ್ತೆ. ಆದರೆ ಪದ ಬಿಗಿಯಾಗಲಿ ಅಂತ ‘ಇಸು’ ಕತ್ತರಿಸಿದರೆ ಹಣ ಕೊಟ್ಟವನೂ ಅದರ ಜತೆ ಮಾಯ. ‘ಬಾಯಿ ಮುಚ್ಚಿಸಿದ ಹಣ’ ಅನ್ನಿ. ಮೂರು ಪದ ಆಯ್ತು ಅಂತ ಸಂಪಾದಕರು ಗೊಣಗಿದರೆ ಗೊಣಗಲಿ. ‘ತಪ್ಪುಗಾಣಿಕೆ’ಯ ಮಾದರಿಯಲ್ಲಿ ‘ಮುಚ್ಚುಗಾಣಿಕೆ’ ಅಂತ ನಿನ್ನೆ ರಾತ್ರಿ ಹೊಳೆದಿತ್ತು, ಬೆಳಿಗ್ಗೆ ಎದ್ದಾಗ ದೇವರ ಹುಂಡಿ ಕಂಡಂತಾಗಿ ಬಿಟ್ಟೆ.

ಉತ್ತರದ ಗಾಳಿ
ನಮ್ಮ ಅತ್ತಿ ಎರಡು ದಿನದ ಹಿಂದನ ಹೇಳಿದ್ಲಲ್ರಿ. ಬೀಗ ‘ಹಾಕಾಕ ಕೊಟ್ಟ’ ರೊಕ್ಕ. ಕೊಟ್ಟಾಂವ ಅದರೊಳಗ ಮೊದಲ ಇದ್ದಾನು.

ಕರಡು ತಿದ್ದುವವ
ಲೇಖನ ಕಳಿಸಿದೆ. ಹದಿನಾಲ್ಕರಲ್ಲಿ ಒಂಬತ್ತು ಕಡೆ ‘ಬಾಯಿ ಮುಚ್ಚಿಸಿದ ಹಣ’. ವರದಿಗಾರರಿಗೆ ಹಂಚಿದ್ದು ಬರೋ ಎರಡು ಕಡೆ ‘ಮೌನಲಂಚ’. ಉಳಿದ ಮೂರು ಕಡೆ ಪದವನ್ನೇ ತೆಗೆದು, ಯಾರು ಯಾರಿಗೆ ಎಷ್ಟು ಕೊಟ್ಟು ಏನು ಹೇಳಬೇಡ ಅಂದರು ಅಂತ ಬಿಡಿಸಿ ಬರೆದೆ. ಓದಿದರೆ ಆ ಮೂರೇ ಚೆನ್ನಾಗಿವೆ. ತಲೆಬರಹಕ್ಕೆ ಜಾಗ ಸಾಲದೆ ಡೆಸ್ಕಿನವರು ಮತ್ತೆ ‘ಹಶ್ ಮನಿ’ ಹಾಕಿದ್ದಾರೆ. ಅತ್ತೆಯವರ ಕ್ಷಮೆ ಕೇಳಿದೆ ಅನ್ನಿ.

ಗೋಲಿ
ಅಣ್ಣಂಗೆ ಇದನ್ನೆಲ್ಲ ಕಳಿಸಿದೆ. ನೀಲಿ ಎಲೆಯದು ತಾನಾಗಿ ಕೊಟ್ಟಿದ್ದು, ಅದು ನಿಂದೇ, ಮಾರನೇ ದಿನದಿಂದ ತಗೊಂಡಿದ್ದೆಲ್ಲ ವಾಪಸ್ ಕೊಡು ಅಂತ ಉತ್ತರ ಬಂದಿದೆ. ಒಟ್ಟು ಹನ್ನೊಂದಂತೆ. ಲೆಕ್ಕ ಇಟ್ಟಿದ್ದಾನೆ!